ಪೋಲಿಗಳ ಬೆನ್ನು ಹತ್ತಿದ ಆರ್ಲಿಸ್

ಆರ್ಲಿಸ್ ಬ್ರೆಕ್ಕೆಗೆ ಸಿಟ್ಟು ಬರುತ್ತಿತ್ತು. ಆದರೆ ಸಿಟ್ಟನ್ನು ಬಾಯಿಬಿಟ್ಟು ಹೇಳುವ ಊರಲ್ಲಿ ಅವಳು ಹುಟ್ಟಿರಲಿಲ್ಲ. ಮಿನೆಸೋಟಾದಲ್ಲಿ ಬ್ರೇನರ್ಡ್ ದಾಟಿ ಉತ್ತರಕ್ಕೆ ಬಂದರೆ ಸಿಗುವ ನಮ್ಮ ಕಡೆಯ ಜನ ಸಿಟ್ಟು ಬಂದಾಗ "ಹೂಂ, ಇದೊಂಥರಾ ಬೇರೆ ಥರಾ ಇದೆ" ಅನ್ನುತ್ತಾರೆ. ತೀರಾ ತಡೆಯಲಾರದಷ್ಟು ಬಂದರೆ ಹೊರಗೆ ಹೋಗಿ ಹಿಮ ಗೋರುತ್ತಾರೆ. ಬೆನ್ನಿನ ಆಪರೇಷನ್ ಆದಮೇಲೆ ಡಾಕ್ಟರು ಗೋರುವುದನ್ನು ಬಿಡಿಸಿದ್ದರಿಂದ ಆರ್ಲಿಸ್‌ಗೆ ಆ ದಾರಿಯೂ ಮುಚ್ಚಿತ್ತು. ಹೀಗಾಗಿ ಆ ಚಳಿಗಾಲವೆಲ್ಲ ಅವಳ ಸಿಟ್ಟು ಹೊಟ್ಟೆಯೊಳಗೇ ಕುದ್ದು ಕುದ್ದು ಹುಳಿಯಾಗಿತ್ತು.

ಎಲ್ಲಕ್ಕೂ ಕಾರಣ ಪೋಲಿಗಳು. ಪೋಲಿ ಎಂದರೆ ಮನುಷ್ಯರಲ್ಲ, ಅಳತೆಗಳು. ಅವಳು ಕೆಲಸ ಮಾಡುತ್ತಿದ್ದ ಲೂನ್ ಬೇ ಕಂಪನಿಯಲ್ಲಿ ಹೊತ್ತು ಅಳೆಯುವ ಪೆಟ್ಟಿಗೆ ತಯಾರಿಸುತ್ತಾರೆ. ಪೆಟ್ಟಿಗೆಗೆ ಎರಡು ಕಿಂಡಿ. ಒಂದರಲ್ಲಿ 'ಶುರು' ಎನ್ನುವ ವಿದ್ಯುತ್ ಮಿಡಿತ ಬರುತ್ತದೆ, ಇನ್ನೊಂದರಲ್ಲಿ 'ನಿಲ್ಲು' ಎನ್ನುವ ಮಿಡಿತ. ಎರಡರ ನಡುವೆ ಎಷ್ಟು ಹೊತ್ತು ಹೋಯಿತು ಅಂತ ಪೆಟ್ಟಿಗೆ ಹೇಳಬೇಕು. ಹೊತ್ತು ಎಂದರೆ ನೀವು ನಾವು ಹೇಳುವ ಹೊತ್ತಲ್ಲ. ಬೆಳಕು ಒಂದು ಅಕ್ಕಿಕಾಳಿನ ಈ ತುದಿಯಿಂದ ಆ ತುದಿಗೆ ಹೋಗುವಷ್ಟು ಹೊತ್ತು. ಅಷ್ಟರಲ್ಲೂ ತಪ್ಪಬಾರದು.

ತಪ್ಪುತ್ತದೋ ಇಲ್ಲವೋ ನೋಡುವುದು ಆರ್ಲಿಸ್‌ಳ ಉದ್ಯೋಗ. ಒಂದೇ ಮಿಡಿತವನ್ನು ಎರಡಾಗಿ ಸೀಳುತ್ತಾಳೆ. ಒಂದನ್ನು ನೆಟ್ಟಗೆ ಶುರುವಿನ ಕಿಂಡಿಗೆ ಕಳಿಸುತ್ತಾಳೆ, ಇನ್ನೊಂದನ್ನು ಸುರುಳಿ ಸುತ್ತಿಟ್ಟ ಉದ್ದನೆಯ ಕೇಬಲ್ಲಿನಲ್ಲಿ ಅಲೆದಾಡಿಸಿ ನಿಲ್ಲುವಿನ ಕಿಂಡಿಗೆ ಬಿಡುತ್ತಾಳೆ. ಕೇಬಲ್ಲು ಬೆಳೆಯುವುದಿಲ್ಲ, ಕುಗ್ಗುವುದಿಲ್ಲ; ಆದ್ದರಿಂದ ಎಷ್ಟು ಲಕ್ಷ ಸಲ ಕೇಳಿದರೂ ಪೆಟ್ಟಿಗೆ ಒಂದೇ ಉತ್ತರ ಹೇಳಬೇಕು. ಹೇಳುವುದಿಲ್ಲ. ಯಾವ ಪೆಟ್ಟಿಗೆಯೂ ಹೇಳುವುದಿಲ್ಲ, ಸ್ವಲ್ಪ ಆಚೀಚೆ ನಡುಗಿಯೇ ನಡುಗುತ್ತದೆ. ಒಳ್ಳೆಯ ಪೆಟ್ಟಿಗೆಯಾದರೆ ಪರದೆಯ ಮೇಲೆ ಉತ್ತರಗಳೆಲ್ಲ ಒತ್ತೊತ್ತಾಗಿ ಒಂದು ಗುಡ್ಡೆ ಬೀಳುತ್ತವೆ. ಗುಡ್ಡೆ ಬಿಟ್ಟು ಎಲ್ಲೋ ದೂರ ಹೋಗಿ ಒಂಟಿಯಾಗಿ ಕೂರುವ ಉತ್ತರವೇ ಪೋಲಿ.

ಹೊತ್ತಿನ ವಿಷಯದಲ್ಲಿ ಆರ್ಲಿಸ್‌ಗೆ ಹುಡುಗಿಯಾಗಿದ್ದಾಗಿನಿಂದಲೂ ಒಂದು ಹಟ. ಶಾಲೆಯ ಸ್ಕೀ ಓಟದಲ್ಲಿ ಸ್ಟಾಪ್‌ವಾಚ್ ಹಿಡಿದು ಗೆರೆಯ ಹತ್ತಿರ ನಿಲ್ಲುತ್ತಿದ್ದಳು. ಪಕ್ಕದಲ್ಲಿ ವಾಚು ಹಿಡಿದವನು ಬೇರೆ ಹೊತ್ತು ಹೇಳಿದರೆ ಇವಳಿಗೆ ತಡೆಯುತ್ತಿರಲಿಲ್ಲ. "ಬಂದವಳು ಒಬ್ಬಳೇ ತಾನೆ, ಎರಡು ಹೊತ್ತಿಗೆ ಹೇಗೆ ಬಂದ್ಲು?" ಎಂದು ಮೇಷ್ಟ್ರನ್ನು ಕೇಳಿ ಅವರ ತಲೆ ತಿಂದಿದ್ದಳಂತೆ. ಆಮೇಲೆ ಮರ್ಲ್‌ನನ್ನು ಮದುವೆಯಾದಳು. ಅವನೋ "ಐದು ನಿಮಿಷ ಬಂದೆ" ಎಂದು ಹೋದರೆ ಊಟದ ಹೊತ್ತಿಗೆ ಬರುವ ಆಸಾಮಿ. ಮನೆಯಲ್ಲಿ ಆಗದ್ದನ್ನು ಆಫೀಸಿನಲ್ಲಿ ಸಾಧಿಸುತ್ತೇನೆ ಅನ್ನುವ ಹಾಗೆ ಲೂನ್ ಬೇ ಸೇರಿ, ಪರೀಕ್ಷೆಯ ಕೋಣೆಯಲ್ಲಿ ಬೇರು ಬಿಟ್ಟಳು.

ಅವಳ ಕೈಲಿ ಪಾಸಾಗುವುದು ಸುಲಭದ ಮಾತಲ್ಲ. ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಗೇಲನ್ ಸ್ಕೂಗ್‌ಗೆ. ಪೆಟ್ಟಿಗೆಯೊಳಗೆ ಅಳತೆ ಮಾಡುವ ಸರ್ಕ್ಯೂಟ್ ಬೋರ್ಡು ಅವನ ಕೈಕೆಲಸ. ಎತ್ತರದ, ಬಗ್ಗಿ ನಡೆಯುವ, ತನ್ನ ಕಾಲನ್ನು ಯಾರಾದರೂ ತುಳಿದರೂ ತಾನೇ "ಕ್ಷಮಿಸಿ" ಅನ್ನುವ ಮನುಷ್ಯ. ಇಪ್ಪತ್ತು ವರ್ಷಗಳಿಂದ ಅವನು ಬೋರ್ಡು ತಂದು ಇವಳ ಮೇಜಿನ ಮೇಲೆ ಇಡುವುದು, ಇವಳು ಹುಳುಕು ಹುಡುಕಿ ವಾಪಸು ಕೊಡುವುದು, ಅವನು "ಪರವಾಗಿಲ್ಲ, ನೋಡ್ತೀನಿ" ಅನ್ನುವುದು. ಒಬ್ಬರ ಮನೆಗೆ ಒಬ್ಬರು ಹೋದದ್ದು ಕಡಿಮೆ. ಆದರೆ ಆರ್ಲಿಸ್‌ಳ ಬೆನ್ನು ಕೈಕೊಟ್ಟು ಆಪರೇಷನ್ ಆದಾಗ, ಆಫೀಸಿನವರೆಲ್ಲ ಸೇರಿ ಅವಳಿಗೊಂದು ಒಳ್ಳೆಯ ಕುರ್ಚಿ ಕೊಡಿಸೋಣ ಎಂದು ಮೊದಲು ಹೇಳಿದವನು ಅವನೇ.

ಈ ಸಲದ ಬೋರ್ಡು ಅಂತಿಂಥದ್ದಲ್ಲ. ಉಪಗ್ರಹಗಳಿಗೆ ಬೆಳಕು ಹೊಡೆದು, ಅದು ತಿರುಗಿ ಬರುವ ಹೊತ್ತಿನಿಂದ ದೂರ ಲೆಕ್ಕ ಹಾಕುವ ಒಂದು ವೀಕ್ಷಣಾಲಯ ಕೇಳಿದ್ದ ಪೆಟ್ಟಿಗೆಗೆ ಮಾಡಿದ್ದು. ಗೇಲನ್ ಜೀವಮಾನದಲ್ಲಿ ಕಲಿತದ್ದನ್ನೆಲ್ಲ ಅದರಲ್ಲಿ ಹಾಕಿದ್ದ. ಗುಡ್ಡೆ ಸೂಜಿಯ ಹಾಗೆ ಚೂಪಾಗಿ ಬರುತ್ತಿತ್ತು. ಆರ್ಲಿಸ್ ಮೊದಲ ಸಲ ನೋಡಿದಾಗ "ಕೆಟ್ಟದಾಗೇನಿಲ್ಲ" ಎಂದಿದ್ದಳು. ನಮ್ಮ ಕಡೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಗೇಲನ್‌ನ ಕಿವಿ ಕೆಂಪಾಗಿತ್ತು.

ಅದಾಗಿ ಚಳಿ ಬಿತ್ತು, ಪೋಲಿಗಳು ಶುರುವಾದವು.

ಲಕ್ಷಕ್ಕೆ ಒಂದೋ ಎರಡೋ. ಆದರೆ ಒಂದು ಪೋಲಿ ಎಂದರೂ ವೀಕ್ಷಣಾಲಯದವರಿಗೆ ಉಪಗ್ರಹ ತಟ್ಟನೆ ಎಲ್ಲೋ ಜಿಗಿದಂತೆ ಕಾಣುತ್ತದೆ. ಆರ್ಲಿಸ್ ಫೇಲು ಮಾಡಿದಳು. ಗೇಲನ್ ಬೋರ್ಡು ತೆಗೆದುಕೊಂಡು ಹೋಗಿ ಏನೇನೋ ಮಾಡಿ ತಂದ. ಪೋಲಿಗಳು ಕಡಿಮೆಯಾದವು, ಹೋಗಲಿಲ್ಲ. ಮತ್ತೆ ಫೇಲು. ಮತ್ತೆ ತಂದ. ಇನ್ನಷ್ಟು ಕಡಿಮೆಯಾದವು, ಹೋಗಲಿಲ್ಲ.

ಅವುಗಳ ಬುದ್ಧಿ ನೋಡಿ! ಆರ್ಲಿಸ್ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಪರದೆಯ ಮುಂದೆ ಕೂತರೆ ಒಂದೇ ಒಂದು ಬರುವುದಿಲ್ಲ. ಜಪ್ಪಯ್ಯ ಅಂದರೂ ಬರುವುದಿಲ್ಲ. ಗುಡ್ಡೆ ಚೆಂದವಾಗಿ, ಸಂಭಾವಿತವಾಗಿ ಬೆಳೆಯುತ್ತಾ ಹೋಗುತ್ತದೆ. ಸರಿ, ಇವತ್ತು ಪೀಡೆ ತೊಲಗಿತು ಎಂದುಕೊಂಡು ಎದ್ದು ಕಾಫಿ ತರಲು ಹೋಗಿ ಬಂದರೆ ಅಲ್ಲೊಂದು ಕೂತಿರುತ್ತದೆ, ಗುಡ್ಡೆಯಿಂದ ದೂರ, ಹಲ್ಲು ಕಿರಿಯುತ್ತಾ.

"ಇದಕ್ಕೆ ಕಣ್ಣಿದೆ ಕಣೇ," ಎಂದಳು ಆರ್ಲಿಸ್, ಲವೋನ್‌ಗೆ. ಆಫೀಸಿನ ಫೋನು, ಬಿಲ್ಲು, ಕಾಫಿ ಎಲ್ಲ ನೋಡಿಕೊಳ್ಳುವವಳು ಲವೋನ್. "ನಾನಿದ್ರೆ ದೇವರ ಮಕ್ಕಳ ಹಾಗೆ ಇರುತ್ತೆ. ನಾನು ಆಚೆ ಹೋದ್ನೋ, ಕುಣಿಯುತ್ತೆ."

"ಹಾಗಾದ್ರೆ ನೀನು ಆಚೆ ಹೋಗಲೇಬೇಡ ಬಿಡು."

"ಹೊಟ್ಟೆಗೆ ಕಾಫಿ, ಆಮೇಲೆ ಬಚ್ಚಲುಮನೆ, ಇವಕ್ಕೆಲ್ಲ ನೀನು ಹೋಗಿ ಬರ್ತೀಯಾ ನನ್ನ ಬದಲು?"

"ಕಾಫಿಗಾದ್ರೆ ಹೋಗ್ತೀನಪ್ಪಾ," ಎಂದಳು ಲವೋನ್.

ಆರ್ಲಿಸ್ ಸಂಶಯ ಪಡದ ವಸ್ತು ಆ ಕಟ್ಟಡದಲ್ಲಿ ಉಳಿಯಲಿಲ್ಲ. ಮೊದಲು ಲವೋನ್‌ಳ ಮೈಕ್ರೋವೇವ್ ಮೇಲೆ ಕಣ್ಣು ಬಿತ್ತು. ಅದರ ಪ್ಲಗ್ಗು ಕಿತ್ತಿಟ್ಟಳು, ಎಲ್ಲರೂ ತಣ್ಣಗಿನ ಊಟ ಮಾಡಿ "ಪರವಾಗಿಲ್ಲ, ಹೀಗೂ ಚೆನ್ನಾಗಿದೆ" ಎಂದರು. ಪೋಲಿ ಬಂತು. ಕಟ್ಟಡಕ್ಕೆ ಬಿಸಿಗಾಳಿ ಊದುವ ಕುಲುಮೆಯ ಫ್ಯಾನು ನಿಲ್ಲಿಸಿದಳು. ಜನ ಕೋಟು ಹಾಕಿಕೊಂಡು ಟೈಪು ಮಾಡಿದರು. ಪೋಲಿ ಬಂತು. ರಸ್ತೆಯ ಹಿಮ ತಳ್ಳುವ ಲಾರಿಯವನು ರೇಡಿಯೋದಲ್ಲಿ ಮಾತಾಡುವುದರಿಂದ ಹೀಗಾಗುತ್ತದೆ ಎಂದು ತೀರ್ಮಾನಿಸಿ, ಲಾರಿ ಬರದ ದಿನ ಕಾದಳು. ಬಂತು. ಕೇಬಲ್ಲುಗಳನ್ನೆಲ್ಲ ಬದಲಾಯಿಸಿದಳು, ಎಲ್ಲವನ್ನೂ ಬ್ಯಾಟರಿಯಲ್ಲಿ ಓಡಿಸಿದಳು. ಕಂಪನಿಯ ಹಳೆಯ ಪೆಟ್ಟಿಗೆಯೊಂದನ್ನು ತಂದು ಅದೇ ಮೇಜಿನ ಮೇಲಿಟ್ಟು ಅದೇ ಮಿಡಿತ ಕೊಟ್ಟಳು. ದಪ್ಪ ಕಬ್ಬಿಣದ ಆ ಮುದಿ ಪೆಟ್ಟಿಗೆ ಒಂದೇ ಒಂದು ಪೋಲಿಯನ್ನೂ ತೋರಿಸಲಿಲ್ಲ. ಅಂದಮೇಲೆ ತಪ್ಪು ಹೊಸ ಬೋರ್ಡಿನದೇ. ಇನ್ನಾರದು?

"ಗೇಲನ್, ಇನ್ನೂ ಇದೆ ಕಣಯ್ಯಾ," ಎಂದಳು, ಬೋರ್ಡನ್ನು ಅವನ ಕೈಗಿಡುತ್ತಾ. ಹೇಳುವುದಕ್ಕೂ ಅವಳಿಗೆ ಬೇಜಾರು.

ಗೇಲನ್ ಬೋರ್ಡನ್ನು ನೋಡಿದ, ಅವಳನ್ನು ನೋಡಿದ, ಕೋಣೆಯ ಮೂಲೆಗೆಲ್ಲ ಒಂದು ಸಲ ಕಣ್ಣು ಹಾಯಿಸಿದ. ಏನೋ ಹೇಳಲು ಬಾಯಿ ತೆರೆದವನು, "ಬೆನ್ನು ಹೇಗಿದೆ ಈಗ?" ಎಂದ.

"ಬೆನ್ನಿಗೇನಾಗಿದೆ ಧಾಡಿ! ಚೆನ್ನಾಗಿದೆ. ನಿನ್ನ ಬೋರ್ಡಿನ ವಿಷಯ ಹೇಳು."

"ಪರವಾಗಿಲ್ಲ, ನೋಡ್ತೀನಿ," ಎಂದು ಹೊರಟುಹೋದ.

ಇಲ್ಲಿಯವರೆಗೆ ಇದು ಇಬ್ಬರ ತಲೆನೋವು. ಆದರೆ ಕಂಪನಿಯನ್ನು ಹಿಂದಿನ ವರ್ಷ ಕೊಂಡುಕೊಂಡಿದ್ದ ರಿಕ್ ಫಸಾನೊ ನ್ಯೂಜೆರ್ಸಿಯವನು. ಕೆಟ್ಟವನಲ್ಲ. ಮಾತು ಮಾತ್ರ ಮಚ್ಚಿನ ಏಟು. ಅವನು ಬಂದಾಗಿನಿಂದ ಅರ್ಧ ಆಫೀಸಿಗೆ ಅಜೀರ್ಣ. ಅವನೊಂದು ದಿನ ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ನಿಂತ.

"ಆರ್ಲಿಸ್, ಒಂದೇ ಮಾತು ಹೇಳಿ. ಪಾಸಾ, ಫೇಲಾ?"

"ಅದು ನೋಡಿ, ಹೇಗಂದ್ರೆ, ಗುಡ್ಡೆ ಮಾತ್ರ ತುಂಬಾ..."

"ಪಾಸಾ, ಫೇಲಾ?"

"...ಫೇಲು."

"ತಿಂಗಳ ಕೊನೆವರೆಗೆ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಹೊರಗಡೆಯಿಂದ ರೆಡಿಮೇಡ್ ಬೋರ್ಡು ತರಿಸ್ತೀನಿ. ಬೋರ್ಡು ಹೊರಗಿಂದ ಬಂದ್ಮೇಲೆ ಬೋರ್ಡು ಮಾಡೋರು ಒಳಗೆ ಯಾಕೆ? ಗೇಲನ್‌ಗೂ ವಯಸ್ಸಾಯ್ತು. ಮೀನು ಹಿಡೀಲಿ ಆರಾಮಾಗಿ." ಹೇಳಿ ಹೊರಟುಹೋದ.

ಅವತ್ತಿನಿಂದ ಆರ್ಲಿಸ್‌ಗೆ ಊಟ ರುಚಿಸಲಿಲ್ಲ. ಸುಳ್ಳು ಪಾಸು ಕೊಡುವುದು ಅವಳ ಕೈಲಾಗದು. ನಿಜವಾದ ಫೇಲು ಕೊಟ್ಟರೆ ಗೇಲನ್‌ನನ್ನು ಅವಳೇ ಕೈಯಾರೆ ಮನೆಗೆ ಕಳಿಸಿದಂತೆ. ಎಂಥ ಕರ್ಮ! ಅವಳು ಪರದೆಯನ್ನು, ಬೋರ್ಡನ್ನು, ಕಂಪನಿಯನ್ನು, ಉಪಗ್ರಹಗಳನ್ನೂ ಮನಸ್ಸಿನಲ್ಲೇ ಬೈದಳು. ಮರ್ಲ್ "ಯಾಕೆ ಒಂಥರಾ ಇದೀಯ?" ಅಂತ ಕೇಳಿದ್ದಕ್ಕೆ ಅವನನ್ನೂ ಬೈದಳು, ಅದು ಮಾತ್ರ ಬಾಯಿಬಿಟ್ಟು.

ತಿಂಗಳ ಕೊನೆಯ ಶುಕ್ರವಾರ ಮಧ್ಯಾಹ್ನ. ಹೊರಗೆ ಉಗುಳಿದರೆ ಹೆಪ್ಪುಗಟ್ಟುವ ಚಳಿ, ಒಳಗೆ ಕುಲುಮೆಯ ಒಣ ಶಾಖಕ್ಕೆ ತುಟಿ ಒಡೆಯುವ ಹಾಗಿತ್ತು. ಗೇಲನ್ ರಜೆ ಹಾಕಿದ್ದ. ಆರ್ಲಿಸ್ ಕಣ್ಣು ತೆಗೆಯುವುದಿಲ್ಲ ಎಂದು ಶಪಥ ಮಾಡಿ ಊಟದ ಡಬ್ಬಿಯನ್ನು ಮೇಜಿಗೇ ತಂದುಕೊಂಡಿದ್ದಳು. ಮಾಂಸದ ಮೇಲೆ ಆಲೂಗಡ್ಡೆ ಹೊದಿಸಿ ಬೇಯಿಸಿದ, ನಮ್ಮ ಕಡೆ ಹಾಟ್‌ಡಿಶ್ ಅನ್ನುವ ಅಡುಗೆ. ಡಬ್ಬಿ ತೆರೆದರೆ ಫೋರ್ಕಿಲ್ಲ.

"ಥೂ," ಎಂದು ಪರದೆಯನ್ನು ನೋಡುತ್ತಲೇ ಅರ್ಧ ಎದ್ದಳು. ಪೋಲಿ.

ಅವಳು ಹಾಗೇ ನಿಂತುಬಿಟ್ಟಳು. ಮೆಲ್ಲಗೆ ಕೂತಳು. ಏನೂ ಇಲ್ಲ. ಎದ್ದಳು. ಪೋಲಿ. ಕೂತಳು. ಏನೂ ಇಲ್ಲ. ಎದ್ದಳು, ಪೋಲಿ. ಬೆನ್ನು ಚುಳುಕ್ ಎಂದರೂ ಬಿಡದೆ ಎದ್ದು ಕೂತು, ಎದ್ದು ಕೂತು, ಇಗರ್ಜಿಯಲ್ಲಿ ಹೊಸಬರು ಎಲ್ಲಿ ಏಳಬೇಕು ಎಲ್ಲಿ ಕೂರಬೇಕು ಗೊತ್ತಾಗದೆ ಒದ್ದಾಡುವ ಹಾಗೆ ಒದ್ದಾಡುತ್ತಿದ್ದಾಗ ಲವೋನ್ ಒಳಗೆ ಬಂದಳು.

"ಏನೇ ಇದು ಅವತಾರ? ಡಾಕ್ಟರು ಹೇಳಿದ ವ್ಯಾಯಾಮಾನಾ?"

"ಕುರ್ಚಿ," ಎಂದಳು ಆರ್ಲಿಸ್. ಮುಖ ಬಿಳಿಚಿಕೊಂಡಿತ್ತು. "ಲವೋನ್, ಕುರ್ಚಿ ಕಣೇ. ಪೋಲಿ ನಾನೇ."

ಒಣ ಹವೆಯಲ್ಲಿ ಮೆತ್ತನೆಯ ಬಟ್ಟೆಯ ಕುರ್ಚಿಯಿಂದ ಮನುಷ್ಯ ಎದ್ದರೆ ಅದರ ಮೈಯಲ್ಲಿ ವಿದ್ಯುತ್ತು ತುಂಬಿಕೊಳ್ಳುತ್ತದೆ. ಕುರ್ಚಿಯನ್ನು ಮೇಲೆ ಕೆಳಗೆ ಮಾಡುವ ಉಕ್ಕಿನ ಕೊಳವೆಯಲ್ಲಿ ಆ ವಿದ್ಯುತ್ತು ಚಟಕ್ಕನೆ ಹಾರುತ್ತದೆ. ಕಣ್ಣಿಗೆ ಕಾಣದು, ಕಿವಿಗೆ ಕೇಳದು. ಆದರೆ ಬೆಳಕು ಅಕ್ಕಿಕಾಳು ದಾಟುವ ಹೊತ್ತನ್ನು ಅಳೆಯುವ ಬೋರ್ಡಿಗೆ ಅದು ಕಿವಿಯ ಪಕ್ಕ ಪಟಾಕಿ. ಇದು ಯಾರಿಗೂ ಗೊತ್ತಿಲ್ಲದ ವಿದ್ಯೆಯಲ್ಲ. ಪರೀಕ್ಷೆಯ ಕೋಣೆಗೆ ನೆಲಕ್ಕೆ ವಿದ್ಯುತ್ತು ಇಳಿಸುವ ಗಟ್ಟಿ ಸ್ಟೂಲುಗಳು ಮಾತ್ರ ಬರಬೇಕು, ಬೇರೆ ಕುರ್ಚಿ ಬರಕೂಡದು ಎಂದು ಬಾಗಿಲ ಮೇಲೇ ಬರೆದಿದೆ. ಬರೆಸಿದವಳು ಆರ್ಲಿಸ್. ಆದರೆ ನೋವು ತಿಂದು ಬಂದ ಹೆಂಗಸಿಗೆ ಎಲ್ಲರೂ ಸೇರಿ ಪ್ರೀತಿಯಿಂದ ಕೊಟ್ಟ ಕುರ್ಚಿಯನ್ನು, ರಿಬ್ಬನ್ನು ಕಟ್ಟಿ ತಳ್ಳಿಕೊಂಡು ತಂದಾಗ, "ಇದು ಒಳಗೆ ಬರೋ ಹಾಗಿಲ್ಲ" ಅಂತ ಯಾವ ಬಾಯಿ ಹೇಳೀತು? ಅವಳ ಬಾಯೂ ಹೇಳಲಿಲ್ಲ. ಕೊಟ್ಟವರಿಗೆ ಬೇಜಾರಾದೀತು ಎಂದು ಕೂತುಬಿಟ್ಟಳು, ಸುಖವಾಗಿತ್ತು, ಮರೆತೇಬಿಟ್ಟಳು.

ಕುರ್ಚಿಯನ್ನು ಹೊರಗೆ ತಳ್ಳಿ ಹಳೆಯ ಗಟ್ಟಿ ಸ್ಟೂಲು ತಂದು ಎದ್ದು ಕೂತು ನೋಡಿದಳು. ಒಂದೂ ಪೋಲಿಯಿಲ್ಲ. ಬೋರ್ಡಿನದು ಎಳ್ಳಷ್ಟೂ ತಪ್ಪಿರಲಿಲ್ಲ. ಆರ್ಲಿಸ್‌ಗೆ ಸಂತೋಷವಾಗಬೇಕಾಗಿತ್ತು, ಅಳು ಬಂತು. ಆ ಮನುಷ್ಯನ ಮುಖಕ್ಕೆ ಎಷ್ಟು ಸಲ ಫೇಲು ಎಂದು ಹೇಳಿದೆನಲ್ಲ! ಕಣ್ಣೊರೆಸಿಕೊಂಡು ನೆಟ್ಟಗೆ ರಿಕ್‌ನ ಕೋಣೆಗೆ ಹೋದಳು.

ರಿಕ್ ಎಲ್ಲವನ್ನೂ ಕೇಳಿ, "ಕುರ್ಚಿ?" ಎಂದ. "ಒಂದು ಕುರ್ಚಿಗೆ ಇಷ್ಟು ರಾಮಾಯಣಾನಾ?"

"ಹೌದು. ಗೇಲನ್ ಬೋರ್ಡು ಪಾಸು."

"ತಡವಾಯ್ತು ಆರ್ಲಿಸ್. ನಿನ್ನೆ ಅವರನ್ನ ಕರೆಸಿ ಕೇಳ್ದೆ. ಇನ್ನೂ ಸ್ವಲ್ಪ ಟೈಮ್ ಕೊಡ್ಲಾ, ಮುಂದುವರಿಸ್ತೀರಾ ಅಂತ. 'ಬೇಡ ಬಿಡಿ, ಪರವಾಗಿಲ್ಲ, ಹೊರಗಿಂದಾನೇ ತರಿಸಿ' ಅಂದ್ರು. ನಗ್ತಾನೇ ಹೇಳಿದ್ರು. ಸೋಮವಾರ ಹೊರಗಿನವರಿಗೆ ಆರ್ಡರ್ ಕಳಿಸ್ತಿದೀನಿ."

ಆರ್ಲಿಸ್ ಮೇಜಿನ ಅಂಚು ಹಿಡಿದುಕೊಂಡಳು. "ಎಷ್ಟು ಸಲ ಕೇಳಿದ್ರಿ?"

"ಎಷ್ಟು ಸಲ ಅಂದ್ರೆ?"

"ಎಷ್ಟು ಸಲ ಕೇಳಿದ್ರಿ ಅಂತ ಕೇಳ್ತಿದೀನಿ."

"ಒಂದು ಸಲ. ಕಿವಿ ಕೇಳುತ್ತಲ್ಲ ಅವರಿಗೆ?"

"ಅಯ್ಯೋ ದೇವರೇ! ಒಂದೇ ಸಲ ಕೇಳಿದ್ರೆ ಇಲ್ಲಿ ಯಾರು ಹೂಂ ಅಂತಾರೆ? ನಮ್ಮನೇಗೆ ಬಂದೋರಿಗೆ ಕಾಫಿ ಬೇಕಾ ಅಂದ್ರೆ ಬೇಡ ಅಂತಾರೆ. ಎರಡನೇ ಸಲ ಕೇಳಿದ್ರೆ, ನಿಮಗ್ಯಾಕೆ ತೊಂದ್ರೆ ಅಂತಾರೆ. ಮೂರನೇ ಸಲ ಕೇಳಿದ್ರೆ, ಮಾಡಿದ್ರೆ ಒಂದರ್ಧ ಲೋಟ ಕೊಡಿ ಅಂತಾರೆ. ಅದು ಬೇಕು ಅಂತ!"

ರಿಕ್ ಅವಳನ್ನೇ ನೋಡಿದ. "ಇದು ಕಾಫಿ ಅಲ್ಲ ಆರ್ಲಿಸ್. ಇದು ಒಬ್ಬ ಮನುಷ್ಯನ ಕೆಲಸ."

"ಅದಕ್ಕೇ ಇನ್ನೂ ಜಾಸ್ತಿ ಸಲ ಕೇಳ್ಬೇಕಾಗಿತ್ತು!" ಎಂದಳು. ಜೀವಮಾನದಲ್ಲಿ ಮೊದಲ ಸಲ ಮಾಲೀಕನ ಎದುರು ದನಿ ಏರಿತ್ತು. ಅದು ಅವಳಿಗೇ ಕೇಳಿಸಿ ಗಾಬರಿಯಾಯಿತು, ಆದರೂ ತಗ್ಗಿಸಲಿಲ್ಲ. "ಸೋಮವಾರ ಬೆಳಿಗ್ಗೆ ಅವನನ್ನ ಕರ್ಕೊಂಡು ಬರ್ತೀನಿ. ಇನ್ನೊಂದ್ಸಲ ಕೇಳಿ. ಆಮೇಲೆ ಆರ್ಡರ್ ಕಳಿಸಿ, ಬಿಡಿ, ನಿಮ್ಮಿಷ್ಟ."

"ಮೂರು ಸಲ ಕೇಳ್ಬೇಕಾ?" ಎಂದ ರಿಕ್.

ಅವಳು ಆಗಲೇ ಕೋಟು ಹಾಕಿಕೊಳ್ಳುತ್ತಿದ್ದಳು.

ಗೇಲನ್ ರಜೆ ಹಾಕಿದನೆಂದರೆ ಎಲ್ಲಿರುತ್ತಾನೆ ಅನ್ನುವುದಕ್ಕೆ ವಿಳಾಸ ಬೇಕಿಲ್ಲ. ಸರೋವರದ ಗಟ್ಟಿ ಮಂಜಿನ ಮೇಲೆ ಕಾರು ಓಡಿಸಿಕೊಂಡು ಹೋಗಿ, ಮಂಜು ಕೊರೆದು ಮೀನು ಹಿಡಿಯುವವರು ಸಾಲಾಗಿ ನಿಲ್ಲಿಸಿದ್ದ ಪುಟ್ಟ ಮೀನುಮನೆಗಳಲ್ಲಿ ಹಸಿರು ಬಣ್ಣದ್ದರ ಬಾಗಿಲು ಬಡಿದಳು. ಒಳಗೆ ಸಣ್ಣ ಒಲೆ, ಮಂಜಿನಲ್ಲಿ ಕೊರೆದ ತೂತು, ತೂತಿನ ಮುಂದೆ ಬೋರಲು ಹಾಕಿದ ಬಕೆಟ್ ಮೇಲೆ ಕೂತ ಗೇಲನ್.

"ಓ, ಆರ್ಲಿಸ್. ಬಾ. ಕಾಫಿ?"

"ಬೇಡ."

"ಇದೆ, ಫ್ಲಾಸ್ಕಲ್ಲಿ."

"ನಿನ್ನ ಕಾಫಿ ಮನೆ ಹಾಳಾಗ! ಗೇಲನ್, ನನ್ನ ಕುರ್ಚಿ. ಪೋಲಿಗಳೆಲ್ಲ ನನ್ನ ಕುರ್ಚಿಯಿಂದ. ನಿನ್ನ ಬೋರ್ಡಲ್ಲಿ ಏನೂ ತಪ್ಪಿಲ್ಲ."

ಗೇಲನ್ ಗಾಳದ ದಾರವನ್ನು ಸ್ವಲ್ಪ ಎಳೆದ, ಸ್ವಲ್ಪ ಬಿಟ್ಟ. ಆಶ್ಚರ್ಯವಾದವನ ಮುಖವಲ್ಲ ಅದು. ಆರ್ಲಿಸ್‌ಗೆ ನಿಧಾನಕ್ಕೆ ಹೊಳೆಯಿತು.

"ನಿಂಗೆ ಗೊತ್ತಿತ್ತು."

"ಗೊತ್ತಿತ್ತು ಅಂತಲ್ಲ. ಒಂದು ಅನುಮಾನ ಇತ್ತು."

"ಯಾವಾಗಿಂದ?"

"ಎರಡನೇ ಸಲ ನೀನು ವಾಪಸು ಕೊಟ್ಟಾಗಿಂದ." ಅವನು ತೂತಿನ ನೀರನ್ನೇ ನೋಡುತ್ತಿದ್ದ. "ಬೋರ್ಡು ಬಿಚ್ಚಿಕೊಡೋಕ್ಕೆ ಎದ್ದೆಯಲ್ಲ. ಪರದೆ ನಿನ್ನ ಹಿಂದಿತ್ತು. ನಂಗೆ ಕಾಣ್ತು."

"ನಿಂಗೆ ಕಾಣ್ತು! ನಿಂಗೆ ಕಾಣ್ತು, ನೀನು ನನ್ನ ಬೆನ್ನು ಹೇಗಿದೆ ಅಂತ ಕೇಳ್ದೆ! ನಾನು ಮೈಕ್ರೋವೇವ್ ಪ್ಲಗ್ಗು ಕಿತ್ತೆ, ಜನರನ್ನೆಲ್ಲ ಚಳೀಲಿ ಸಾಯಿಸ್ದೆ, ಆ ಪಾಪದ ಲಾರಿಯವನಿಗೆ ಶಾಪ ಹಾಕ್ದೆ. ನೀನು ಬಾಯಿಗೆ ಬೀಗ ಹಾಕ್ಕೊಂಡು ಕೂತೆ! 'ಏಳಮ್ಮಾ ತಾಯಿ, ನಿನ್ನ ಕುರ್ಚಿ ಸರಿಯಿಲ್ಲ' ಅನ್ನೋಕ್ಕೆ ಏನಾಗಿತ್ತಯ್ಯಾ ನಿಂಗೆ?"

"ನನ್ನ ಬೋರ್ಡೂ ಅಷ್ಟು ಸೂಕ್ಷ್ಮ ಇರಬಾರ್ದಲ್ಲ," ಎಂದ ಗೇಲನ್. "ಕೊಂಡೋರ ಮನೇಲೂ ಕುರ್ಚಿ ಇರುತ್ತೆ. ನಿನ್ನ ಕುರ್ಚಿ ತಡ್ಕೊಳ್ಳೋ ಹಾಗೆ ಬೋರ್ಡು ಮಾಡೋಣ ಅಂತ ಹೊರಟೆ. ಆಗ್ತಾ ಬಂದಿತ್ತು. ಇನ್ನೊಂದ್ಸಲ ತಿದ್ದಿದ್ರೆ ಪೂರ್ತಿ ಹೋಗ್ತಿತ್ತು."

"ಹಾಗಿದ್ರೆ ರಿಕ್ ಕೇಳಿದಾಗ ಬೇಕು ಅನ್ನೋಕ್ಕೇನು?"

"ಇನ್ನೊಂದ್ಸಲ ಕೇಳ್ತಾರೆ ಅನ್ಕೊಂಡೆ." ದಾರವನ್ನು ಇನ್ನೊಂದಿಷ್ಟು ಬಿಟ್ಟು, "ಕೇಳ್ಲಿಲ್ಲ," ಎಂದ.

ಆರ್ಲಿಸ್‌ಗೆ ನಗಬೇಕೋ ಅವನನ್ನು ಆ ತೂತಿಗೆ ತಳ್ಳಬೇಕೋ ತಿಳಿಯಲಿಲ್ಲ. ಇನ್ನೊಂದು ಬಕೆಟ್ ಎಳೆದುಕೊಂಡು ಧೊಪ್ಪನೆ ಕೂತಳು.

"ನಿಜ ಹೇಳು. ಬೋರ್ಡಿನ ವಿಷಯ ಬಿಡು. ಯಾಕೆ ಹೇಳ್ಲಿಲ್ಲ ನಂಗೆ?"

ಗೇಲನ್ ಒಲೆಯನ್ನು ಕೆದಕಿದ. ಕೆದಕುವಂಥದ್ದೇನೂ ಅದರಲ್ಲಿ ಇರಲಿಲ್ಲ.

"ನೀನು ಆಪರೇಷನ್ ಆಗಿ ಮನೇಲಿ ಮಲಗಿದ್ದಾಗ ನಿನ್ನ ಜಾಗಕ್ಕೆ ಒಬ್ಬಳನ್ನ ತಂದಿದ್ರಲ್ಲ. ಒಳ್ಳೆ ಹುಡುಗಿ. ಕೊಟ್ಟಿದ್ದೆಲ್ಲ ಪಾಸು ಮಾಡೋಳು. ಒಂದ್ಸಲಾನೂ ನನ್ನ ಬೋರ್ಡನ್ನ ಬೈಲಿಲ್ಲ. ನಂಗೆ ರಾತ್ರಿ ನಿದ್ದೆ ಬರ್ತಿರ್ಲಿಲ್ಲ ಆರ್ಲಿಸ್. ಬೋರ್ಡು ಚೆನ್ನಾಗಿದೆಯೋ ಇಲ್ವೋ ನಂಗೆ ಹೇಗೆ ಗೊತ್ತಾಗ್ಬೇಕು?" ಅವನು ಉಸಿರು ತೆಗೆದುಕೊಂಡ. "ಆ ಕುರ್ಚಿ ಬಂದ್ಮೇಲೆ ನೀನು ದಿನಾ ಬರೋಕ್ಕೆ ಶುರು ಮಾಡ್ದೆ. ಕುರ್ಚಿ ಹೋದ್ರೆ ನೀನೂ ಹೋಗ್ತೀಯ ಅನ್ಕೊಂಡೆ."

ಆರ್ಲಿಸ್‌ಳ ಮೂಗು ಸೋರುತ್ತಿತ್ತು, ಚಳಿಗೆ ಅನ್ನಬಹುದು. ಫ್ಲಾಸ್ಕನ್ನು ತಾನೇ ತೆಗೆದುಕೊಂಡು ಮುಚ್ಚಳಕ್ಕೆ ಕಾಫಿ ಬಗ್ಗಿಸಿಕೊಂಡು ಕುಡಿದಳು. ಕೆಟ್ಟ ಕಾಫಿ, ನೀರಿನಂಥದ್ದು.

"ಸೋಮವಾರ ಬೆಳಿಗ್ಗೆ ಬಾ," ಎಂದಳು ಕೊನೆಗೆ. "ರಿಕ್ ಮತ್ತೆ ಕೇಳ್ತಾರೆ. ಪರವಾಗಿಲ್ಲ ಅಂದೆಯೋ, ನಿನ್ನ ಮೀನುಮನೆಗೆ ಬೆಂಕಿ ಇಡ್ತೀನಿ."

ಸೋಮವಾರ ಬೆಳಿಗ್ಗೆ ಗೇಲನ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಆರ್ಲಿಸ್ ಅವನ ಹಿಂದೆಯೇ ಬಂದು ಬಾಗಿಲಿಗೆ ಒರಗಿ ನಿಂತಳು, ಓಡಿಹೋಗದಂತೆ ತಡೆಯಲೋ ಎಂಬ ಹಾಗೆ. ರಿಕ್‌ನ ಮೇಜಿನ ಮೇಲೆ ಹೊರಗಿನವರ ಆರ್ಡರು ಸಹಿಗೆ ಕಾದಿತ್ತು.

"ಗೇಲನ್, ಬೋರ್ಡು ನೀವೇ ಮಾಡಿ ಮುಗಿಸ್ತೀರಾ?"

"ಅಲ್ಲ, ನಿಮಗೆ ಹೊರಗಿಂದ ತರಿಸೋದು ಅನುಕೂಲ ಅಂದ್ರೆ, ಅದೂ ಏನೂ..." ಗೇಲನ್ ನೆಲ ನೋಡಿದ. ಆರ್ಲಿಸ್ ಹಲ್ಲು ಕಚ್ಚಿ ಹಿಡಿದಳು. ಬಾಯಿ ಹಾಕುವುದಿಲ್ಲ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಬಂದಿದ್ದಳು.

ರಿಕ್ ಪೆನ್ನು ತೆಗೆದುಕೊಂಡ. ಒಂದು ಕ್ಷಣ ತಡೆದ. ಆರ್ಲಿಸ್‌ಳ ಮುಖ ನೋಡಿ ಪೆನ್ನು ಕೆಳಗಿಟ್ಟ. "ಗೇಲನ್, ಈ ಕೆಲಸ ನಿಮಗೆ ಬೇಕಾ?"

ಗೇಲನ್‌ನ ಕಿವಿ ಕೆಂಪಾಯಿತು, ಕೆನ್ನೆ ಕೆಂಪಾಯಿತು, ಕತ್ತಿನ ತನಕ ಇಳಿಯಿತು. "ಬೇಕು," ಎಂದ. ಅದು ಸಾಲದು ಅನ್ನಿಸಿತೋ ಏನೋ, ಸ್ವಲ್ಪ ಜೋರಾಗಿ, "ನನ್ನ ಬೋರ್ಡು ಅದು. ನಂಗೆ ಬೇಕು," ಎಂದ.

ಕೋಣೆಯಲ್ಲಿ ಯಾರಿಗೂ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ರಿಕ್ ಆರ್ಡರನ್ನು ಪಕ್ಕಕ್ಕೆ ಸರಿಸಿದ.

"ಸರಿ. ಆದ್ರೆ ಕುರ್ಚಿ ಆ ರೂಮಲ್ಲಿದ್ದಷ್ಟು ದಿನ ಮಾಡಿದ ಪರೀಕ್ಷೆ ಒಂದೂ ನಂಬೋ ಹಾಗಿಲ್ಲ. ಎಲ್ಲಾ ಮೊದಲಿಂದ. ಆರ್ಲಿಸ್, ಆ ಗಟ್ಟಿ ಸ್ಟೂಲಲ್ಲಿ, ನಿಮ್ಮ ಬೆನ್ನಿಗೆ ಆಗುತ್ತಾ? ಬೇಸಿಗೆವರೆಗೆ ಹಿಡಿಯುತ್ತೆ. ಇರ್ತೀರಾ, ಅಥವಾ ಆ ಹುಡುಗೀನ ಕರೆಸ್ಲಾ?"

ಆರ್ಲಿಸ್‌ಗೆ ಇರಬೇಕೆಂದು ಬಲು ಆಸೆಯಿತ್ತು. ಅವಳ ಬಾಯಿ ಮಾತ್ರ ತನ್ನ ಪಾಡಿಗೆ ತಾನು, "ಅಯ್ಯೋ, ನಂದೇನಿದೆ, ಯಾರು ಮಾಡಿದ್ರೂ ನಡೆಯುತ್ತೆ, ಆ ಹುಡುಗೀನೂ ಪಾಪ..." ಎಂದು ಹೊರಟಿತು.

"ಹುಡುಗಿ ಬೇಡ," ಎಂದ ಗೇಲನ್.

ಇಪ್ಪತ್ತು ವರ್ಷದಲ್ಲಿ ಅವನು ಯಾರ ಮಾತನ್ನೂ ಅರ್ಧಕ್ಕೆ ತಡೆದದ್ದನ್ನು ಆರ್ಲಿಸ್ ನೋಡಿರಲಿಲ್ಲ. ಅವನು ರಿಕ್‌ನ ಕಡೆಗಲ್ಲ, ಅವಳ ಕಡೆಗೇ ತಿರುಗಿದ್ದ.

"ಮಧ್ಯೆ ಮಧ್ಯೆ ನೀನು ಮಲಗ್ಕೋ, ಸ್ಟೂಲಲ್ಲಿ ನಾನು ಕೂರ್ತೀನಿ. ಬೈಯೋದು ಮಾತ್ರ ನೀನೇ ಬೈಬೇಕು. ಇರು ಆರ್ಲಿಸ್."

"ಇರ್ತೀನಿ," ಎಂದಳು ಆರ್ಲಿಸ್.